ಪಬ್ಲಿಕ್ ಹಿಸ್ಟರಿ ಎಂ.ಎ.ಗೆ ಅಮೆರಿಕಕ್ಕೆ ಅರ್ಜಿ: ಮೂರು ವರ್ಷದ ಬಿ.ಎ. ಸಾಕಾ?

ಗಣಿನಾಡು:
ಇತಿಹಾಸದಲ್ಲಿ ಮೂರು ವರ್ಷದ ಬಿ.ಎ. ಆಗಿದೆ, ಕನ್ನಡ ಮಾಧ್ಯಮ. ಪಬ್ಲಿಕ್ ಹಿಸ್ಟರಿ, ಅಂದರೆ ಮ್ಯೂಸಿಯಂ, ಪ್ರದರ್ಶನ, ಸಂದರ್ಶನಗಳ ಮೂಲಕ ಇತಿಹಾಸವನ್ನು ಜನರಿಗೆ ಮುಟ್ಟಿಸುವ ವಿಷಯ, ಅದರ ಎಂ.ಎ.ಗೆ ಮುಂದಿನ ಆಗಸ್ಟ್‌ಗೆ ಸೇರುವ ಯೋಚನೆ. ಬರಹದ ಮಾದರಿ ಅಂತ ಕೊಡಲು ಇರುವುದು ಕೆಜಿಎಫ್ ಕಾಲೊನಿಗಳ ಬಗ್ಗೆ 40 ಪುಟದ ಕನ್ನಡ ಪ್ರಬಂಧ ಮಾತ್ರ. ಜಿಆರ್‌ಇ (ಅಮೆರಿಕದ ಉನ್ನತ ವ್ಯಾಸಂಗದ ಪ್ರವೇಶ ಪರೀಕ್ಷೆ) ಬೇಕಾ? ದುಡ್ಡಿಗೆ ದಾರಿ ಏನು? ಗೊತ್ತಿದ್ದವರು ದಯವಿಟ್ಟು ಹೇಳಿ.

ಕಡತದಕಟ್ಟು:
ಮೊದಲು ಮೂರು ವರ್ಷದ ಪ್ರಶ್ನೆ ಬಗೆಹರಿಸಿಕೊಳ್ಳಿ. ಕೆಲವು ವಿ.ವಿ.ಗಳು ಒಪ್ಪುತ್ತವೆ, ಕೆಲವು ನಾಲ್ಕು ವರ್ಷದ್ದೇ ಬೇಕು ಅನ್ನುತ್ತವೆ. ಇತಿಹಾಸ ವಿಭಾಗ ಹೂಂ ಅಂದರೂ ಅದೇ ವಿ.ವಿ.ಯ ಗ್ರಾಜುಯೇಟ್ ಸ್ಕೂಲ್ (ಸ್ನಾತಕೋತ್ತರ ಪ್ರವೇಶ ನೋಡಿಕೊಳ್ಳುವ ಕಚೇರಿ) ತಿರಸ್ಕರಿಸಬಹುದು. ಅದಕ್ಕೇ ಶುಲ್ಕ ಕಟ್ಟುವ ಮೊದಲು ಗ್ರಾಜುಯೇಟ್ ಸ್ಕೂಲಿಗೆ ಮೇಲ್ ಹಾಕಿ, ಉತ್ತರ ಉಳಿಸಿಕೊಳ್ಳಿ. ಇಲ್ಲೇ ಒಂದು ಎಂ.ಎ. ಮುಗಿಸಿದವರಿಗೆ ಈ ತೊಡಕು ಕಮ್ಮಿ.

ಡಬ್ಲ್ಯೂಇಎಸ್ (ವಿದೇಶಿ ಡಿಗ್ರಿ ಅಮೆರಿಕದ ಯಾವುದಕ್ಕೆ ಸಮ ಅಂತ ಪರಿಶೀಲಿಸುವ ಸಂಸ್ಥೆ) ವರದಿ ಕೇಳಿದರೆ ನೀವು ಸ್ಕ್ಯಾನ್ ಮಾಡಿದ ಅಂಕಪಟ್ಟಿ ನಡೆಯಲ್ಲ, ವಿ.ವಿ.ಯಿಂದಲೇ ಹೋಗಬೇಕು. ಅರ್ಜಿಯ ಕೊನೆಯ ದಿನ ಸಾಮಾನ್ಯವಾಗಿ ಡಿಸೆಂಬರ್–ಜನವರಿ. ಕುಲಸಚಿವರ (ಮೌಲ್ಯಮಾಪನ) ಕಚೇರಿಗೆ ಆಗಸ್ಟ್‌ನಲ್ಲೇ ಹೋಗಿ. ದಸರಾ, ದೀಪಾವಳಿ, ಸೆಮಿಸ್ಟರ್ ಪರೀಕ್ಷೆ ಒಟ್ಟಿಗೆ ಬಂದರೆ ಕಡತ ಅಲುಗಾಡಲ್ಲ. ಜಿಆರ್‌ಇಯನ್ನು ಬಹಳ ಕಡೆ ಕೈಬಿಟ್ಟಿದ್ದಾರೆ. ಇಂಗ್ಲಿಷ್ ಪರೀಕ್ಷೆ, ಟೋಫೆಲ್ ಅಥವಾ ಐಇಎಲ್‌ಟಿಎಸ್, ಮಾತ್ರ ನಿಮಗೆ ತಪ್ಪಿದ್ದಲ್ಲ.

ಫಲಕಬರಹ:
40 ಪುಟ ಪೂರ್ತಿ ಅನುವಾದಿಸಬೇಡಿ. ಕೇಳೋದು ಹೆಚ್ಚುಕಮ್ಮಿ 15–25 ಪುಟ. ಒಂದು ಅಧ್ಯಾಯ ಆರಿಸಿ, ಇಂಗ್ಲಿಷಿಗೆ ತಂದು, ಅನುವಾದ ನಿಮ್ಮದೇ ಅಂತ ಮೇಲೊಂದು ಸಾಲು ಹಾಕಿ. ಗಣಿಯ ಸಂಕ್ಷಿಪ್ತ ಇತಿಹಾಸದ ಅಧ್ಯಾಯ ಬೇಡ. ಕಂಪನಿ ದಾಖಲೆ ಒಂದು ಹೇಳಿ ಕಾರ್ಮಿಕರು ಇನ್ನೊಂದು ಹೇಳುವ ಕಡೆ ನೀವು ಏನು ಮಾಡಿದಿರಿ, ಅದು ಕಾಣಬೇಕು.

ಉದ್ದೇಶಪತ್ರದಲ್ಲಿ (ಈ ಓದು ಯಾಕೆ ಬೇಕು ಅಂತ ಅರ್ಜಿ ಜೊತೆ ಬರೆಯುವ ಪತ್ರ) "ಚಿಕ್ಕಂದಿನಿಂದ ಇತಿಹಾಸ ಅಂದ್ರೆ ಪ್ರಾಣ" ಅಂತಿದ್ದರೆ ಹೊಡೆದುಹಾಕಿ. ಜನರ ಜೊತೆ ಕೂತು, ಜನರಿಗಾಗಿ ಏನು ಮಾಡಿದ್ದೀರಿ ಅನ್ನೋದೇ ಈ ವಿಷಯದಲ್ಲಿ ತೂಕ. ಇನ್ನೂ ಸಮಯವಿದೆ: ಹಳೇ ಗಣಿ ಕಾರ್ಮಿಕರ ಮೂರ್ನಾಲ್ಕು ಸಂದರ್ಶನ ಮಾಡಿ. ಒಪ್ಪಿಗೆ ಪತ್ರ ತಮಿಳು, ತೆಲುಗಲ್ಲೂ ಇರಲಿ. ಓದಲಾಗದ ಪತ್ರಕ್ಕೆ ಹಾಕಿಸಿದ ಸಹಿ ಒಪ್ಪಿಗೆಯಲ್ಲ. ಅದರಿಂದ ನಾಲ್ಕು ಪ್ರದರ್ಶನ ಫಲಕ ಬರೆಯಿರಿ, ತಲಾ 75 ಪದ ಮೀರದಂತೆ. 1902ರಲ್ಲಿ ಶಿವನಸಮುದ್ರದಿಂದ ಬಂದ ಕರೆಂಟಿಗೆ ಎಷ್ಟು ಪದ, ಗಣಿ ಧೂಳಿಂದ ಬರುವ ಶ್ವಾಸಕೋಶದ ರೋಗ ಸಿಲಿಕೋಸಿಸ್‌ಗೆ ಎಷ್ಟು, ಯಾಕೆ ಹಾಗೆ ಹಂಚಿದಿರಿ? ಈ ಉತ್ತರವೇ ಉದ್ದೇಶಪತ್ರದ ಒಳ್ಳೆಯ ಪ್ಯಾರಾ ಆಗುತ್ತೆ.

ಕೊನೆಯ ಪ್ಯಾರಾ ಪ್ರತಿ ವಿ.ವಿ.ಗೂ ಬೇರೆ ಬರೆಯಿರಿ. ಸೌತ್ ಕೆರೊಲಿನಾದಲ್ಲಿ ಮ್ಯೂಸಿಯಂ, ಕಟ್ಟಡ ಸಂರಕ್ಷಣೆಗೆ ಒತ್ತು, ಇಂಡಿಯಾನಾಪೊಲಿಸ್‌ನಲ್ಲಿ ಇಂಟರ್ನ್‌ಶಿಪ್‌ಗೆ. ಉಳಿದವನ್ನು ನ್ಯಾಷನಲ್ ಕೌನ್ಸಿಲ್ ಆನ್ ಪಬ್ಲಿಕ್ ಹಿಸ್ಟರಿಯ ಜಾಲತಾಣದ ಪಟ್ಟಿಯಲ್ಲಿ ನೋಡಿ.

ಲೆಕ್ಕದಪುಸ್ತಕ:
ದುಡ್ಡಿನ ಮಾತು. ಪಿಎಚ್‌ಡಿಗೆ ಸಿಗುವಂತೆ ಎಂ.ಎ.ಗೆ ಪೂರ್ತಿ ನೆರವು ಸಿಗೋದು ಅಪರೂಪ. ಅಸಿಸ್ಟೆಂಟ್‌ಶಿಪ್ (ವಿಭಾಗದಲ್ಲಿ ಕೆಲಸ ಮಾಡಿದ್ದಕ್ಕೆ ಸಿಗುವ ನೆರವು) ಕೊಡುತ್ತೇವೆ ಅಂದರೆ ಟ್ಯೂಷನ್ ಮನ್ನಾ ಸೇರಿದೆಯಾ, ಎರಡನೇ ವರ್ಷಕ್ಕೂ ಉಂಟಾ, ವಿಮೆ ಯಾರು ಕಟ್ಟುತ್ತಾರೆ ಅಂತ ಕೇಳಿ.

ಫುಲ್‌ಬ್ರೈಟ್–ನೆಹರೂ ಮಾಸ್ಟರ್ಸ್ ಫೆಲೋಶಿಪ್‌ನಲ್ಲಿ ಪರಂಪರೆ ಸಂರಕ್ಷಣೆ, ಮ್ಯೂಸಿಯಂ ಅಧ್ಯಯನಕ್ಕೆ ಜಾಗವಿದೆ. ಆದರೆ ಮೂರು ವರ್ಷದ ಕೆಲಸದ ಅನುಭವ ಬೇಕು, ಬರೀ ಮೂರು ವರ್ಷದ ಡಿಗ್ರಿ ಸಾಲದು. ಪರಿಶಿಷ್ಟ ಜಾತಿಯವರಿಗಿರುವ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ನೆಚ್ಚಿಕೊಂಡಿದ್ದರೆ ಹುಷಾರು: 2022ರ ಮಾರ್ಗಸೂಚಿ ಭಾರತದ ಇತಿಹಾಸ, ಸಂಸ್ಕೃತಿ, ಪರಂಪರೆಯ ವಿಷಯಗಳನ್ನೇ ಹೊರಗಿಟ್ಟಿತು. ಅನ್ಯಾಯವೇ ಸರಿ, ಆದರೆ ಕೆಜಿಎಫ್ ವಿಷಯ ಅಲ್ಲೇ ಸಿಕ್ಕಿಬೀಳುತ್ತೆ.

ಸಾಲ ಮಾಡುವ ಮುಂಚೆ ಇದೂ ಗೊತ್ತಿರಲಿ: ಇತಿಹಾಸ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿಲ್ಲ, ಹಾಗಾಗಿ ಓದಿನ ನಂತರ ಅಲ್ಲಿ ಕೆಲಸ ಮಾಡಲು ಸಿಗುವ ಅನುಮತಿ, ಅಂದರೆ ಓಪಿಟಿ, 12 ತಿಂಗಳಷ್ಟೇ. ಓದುವಾಗಲೇ ಇಂಟರ್ನ್‌ಶಿಪ್‌ನಂಥ ಕೆಲಸಕ್ಕೆ ಸಿಗುವ ಅನುಮತಿ, ಅಂದರೆ ಸಿಪಿಟಿ, ಪೂರ್ಣಾವಧಿಯದ್ದು 12 ತಿಂಗಳು ಮುಟ್ಟಿದರೆ ಅದೂ ಹೋಗುತ್ತೆ. ಅಲ್ಲಿನ ರಾಷ್ಟ್ರೀಯ ಉದ್ಯಾನ, ಐತಿಹಾಸಿಕ ತಾಣಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಕಾಯಂ ಹುದ್ದೆಗಳಿಗೆ ಸಾಮಾನ್ಯವಾಗಿ ಅಮೆರಿಕದ ಪೌರತ್ವ ಬೇಕು.

ಗಣಿನಾಡು:
ಎಲ್ಲರಿಗೂ ಥ್ಯಾಂಕ್ಸ್. ಶಿಫಾರಸು ಪತ್ರ ಮೂರೂ ಕಾಲೇಜಿನವರದ್ದೇ ಆಗಬೇಕಾ?

ಕಡತದಕಟ್ಟು:
ಇಬ್ಬರು ಮೇಷ್ಟ್ರು, ಒಬ್ಬರು ನಿಮ್ಮ ಸಂದರ್ಶನದ ಕೆಲಸ ಹತ್ತಿರದಿಂದ ನೋಡಿದವರು ಇದ್ದರೆ ಚೆಂದ. ಪತ್ರ ಹಾಕುವ ಲಿಂಕ್ ಅವರ ಮೇಲ್‌ಗೇ ಹೋಗುತ್ತೆ. ಕೆಲವು ಕಡೆ ಜಿಮೇಲ್ ವಿಳಾಸಕ್ಕೆ ತಕರಾರು ತೆಗೆಯುತ್ತಾರೆ, ಕಾಲೇಜಿನ ಮೇಲ್ ಐಡಿ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಒಂದು ತಿಂಗಳ ಮುಂಚೆ ಉದ್ದೇಶಪತ್ರದ ಕರಡು ಕೊಡಿ, ಸ್ಪ್ಯಾಮ್ ಫೋಲ್ಡರ್ ನೋಡಲು ಹೇಳಿ.