ಸ್ವಿಂಗ್‌ನಲ್ಲಿ ಸೊಂಟ-ಭುಜ-ಕೈ ಹೊಂದಾಣಿಕೆ: ಫಿಸಿಯೊಗೆ ಕೇಳಿ

ಫಿಸಿಯೊ: ಸಂಜೆವರೆಗೂ ಇಲ್ಲೇ ಇರ್ತೀನಿ. ಗಾಲ್ಫ್ ಸ್ವಿಂಗ್‌ನಲ್ಲಿ ಮೈ ಹೇಗೆ ಕೂಡಿ ಕೆಲಸ ಮಾಡುತ್ತೆ ಅನ್ನೋದನ್ನಷ್ಟೇ ಕೇಳಿ. ಯಾವ ಡ್ರೈವರ್ (ದೂರ ಹೊಡೆಯೋ ಗಾಲ್ಫ್ ಕೋಲು) ಕೊಳ್ಳೋದು ಅಂತ ಕೇಳಬೇಡಿ. ವಯಸ್ಸು, ಬಲಗೈಯೋ ಎಡಗೈಯೋ, ನೋವಿದ್ರೆ ಎಲ್ಲಿ ಅಂತ ಬರೀರಿ.

ಸ್ಲೈಸ್ ಸಂತ್ರಸ್ತ: ಮೇಡಂ, 38, ಬಲಗೈ. ನೋವಿಲ್ಲ. ನಿಧಾನಕ್ಕೆ ಬೀಸಿದ್ರೆ ಎಲ್ಲಾ ಸರಿ. ಜೋರು ಹಾಕಿದ ಕೂಡಲೇ ಕೈ ಮುಂದೆ ಓಡುತ್ತೆ, ಸೊಂಟ ಹಿಂದೆ ಉಳಿಯುತ್ತೆ, ಚೆಂಡು ಬಲಕ್ಕೆ ಬಾಗುತ್ತೆ.

ಫಿಸಿಯೊ: ಜೋರು ಅಂದ್ರೆ ಕೈಯಿಂದ ಅಂತ ನಿಮ್ಮ ಮೈ ಅಂದ್ಕೊಂಡಿದೆ. ಡೌನ್‌ಸ್ವಿಂಗ್‌ನಲ್ಲಿ, ಅಂದ್ರೆ ಮೇಲಿಂದ ಚೆಂಡಿನ ಕಡೆ ಬೀಸುವಾಗ, ಮೊದಲು ಸೊಂಟ, ಆಮೇಲೆ ಎದೆ, ಆಮೇಲೆ ತೋಳು, ಕೊನೆಗೆ ಕೈಲಿರೋ ಕೋಲು, ಅಂದ್ರೆ ಕ್ಲಬ್. ಒಂದು ತನ್ನ ಪೂರ್ತಿ ವೇಗ ಮುಟ್ಟಿ ನಿಧಾನ ಆಗ್ತಿದ್ದ ಹಾಗೆ ಇನ್ನೊಂದು ಏರುತ್ತೆ. ಇಷ್ಟೆಲ್ಲ ನಡೆಯೋದು ಸುಮಾರು ಕಾಲು ಸೆಕೆಂಡಿನಲ್ಲಿ. "ಈಗ ಸೊಂಟ, ಈಗ ಕೈ" ಅಂತ ಯೋಚಿಸೋಕೆ ಟೈಮೇ ಇಲ್ಲ, ಮೈಗೇ ಅಭ್ಯಾಸ ಆಗಬೇಕು. ಎರಡೂ ಪಾದ ಜೋಡಿಸಿ ನಿಲ್ಲಿ. ಕ್ಲಬ್ ಇನ್ನೂ ಹಿಂದಕ್ಕೆ ಹೋಗ್ತಿರುವಾಗಲೇ ಎಡಗಾಲನ್ನ ಗುರಿ ಕಡೆ ಎತ್ತಿಡಿ, ಆಮೇಲೆ ಬೀಸಿ. ಚೆಂಡಿಲ್ಲದೆ ಶುರು ಮಾಡಿ. ಚೆಂಡು ಕಂಡ ತಕ್ಷಣ ಕೈಗೆ ಆತುರ ಬರುತ್ತೆ.

ವೀಕೆಂಡ್ ಗಾಲ್ಫರ್: ತಲೆ ಅಲ್ಲಾಡಿಸಲೇಬಾರದು ಅಂತಾರಲ್ಲ?

ಫಿಸಿಯೊ: ಸ್ವಲ್ಪ ಅಲ್ಲಾಡಿದ್ರೆ ಏನೂ ಆಗಲ್ಲ. ಚೆಂಡು ಹೋದ ಮೇಲೂ ನೆಲ ನೋಡ್ತಾ ನಿಂತ್ರೆ ಎದೆ ತಿರುಗಲ್ಲ, ಕುತ್ತಿಗೆ ಹಿಡಿಯುತ್ತೆ.

ಏಳನೇ ಐರನ್: 54, ಬಲಗೈ. "ಸೊಂಟವನ್ನ ಎಷ್ಟು ಜೋರಾಗಿ ತಿರುಗಿಸ್ತೀರೋ ಅಷ್ಟು ದೂರ" ಅಂತ ಒಂದು ವಿಡಿಯೊ ನೋಡಿ ದಿನಾ ರೇಂಜ್‌ನಲ್ಲಿ (ಅಭ್ಯಾಸದ ಮೈದಾನ) ಅದೇ ಮಾಡ್ತಿದ್ದೆ. ಕೆಳಬೆನ್ನು ಹಿಡಿದಿತ್ತು, ಸಹಿಸ್ಕೊಂಡೆ. ಈ ವಾರ ಎಡಗಾಲಿನಲ್ಲಿ ಹೆಬ್ಬೆರಳವರೆಗೂ ಜೋಮು. ಮೆಟ್ಟಿಲು ಹತ್ತುವಾಗ ಪಾದದ ತುದಿ ತಗಲುತ್ತೆ. ಯಾವ ಡ್ರಿಲ್ ಮಾಡಲಿ?

ಫಿಸಿಯೊ: ಯಾವ ಡ್ರಿಲ್ಲೂ ಬೇಡ. ಕ್ಲಬ್ ಕೆಳಗಿಡಿ. ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ನಡೆದು ನೋಡಿ. ಎಡಪಾದ ಮೇಲೆತ್ತಿ ಹಿಡಿಯೋಕೆ ಆಗ್ತಾ ಇದೆಯಾ, ಹೇಳಿ.

ಏಳನೇ ಐರನ್: ಬಲಗಾಲು ಸರಿ. ಎಡಗಡೆ ಎತ್ತಿದ್ದು ಬಿದ್ದುಬಿಡುತ್ತೆ.

ಫಿಸಿಯೊ: ಹಾಗಾದ್ರೆ ಇವತ್ತೇ ವೈದ್ಯರ ಹತ್ತಿರ ಹೋಗಿ, ನಾಳೆಗೆ ಇಡಬೇಡಿ. ಬೆನ್ನಿನಲ್ಲಿ ನರ ಒತ್ತಿರಬಹುದು. ಬರೀ ನೋವಿದ್ರೆ ಕಾದು ನೋಡಬಹುದಿತ್ತು, ಬಲ ಕಮ್ಮಿ ಆದ್ರೆ ಕಾಯಬಾರದು. ಮೂತ್ರ ಕಟ್ಟಿದ್ರೆ, ಇಲ್ಲಾ ಹಿಡಿತ ತಪ್ಪಿದ್ರೆ, ಕುಂಡಿ-ತೊಡೆಸಂದಿ ಮರಗಟ್ಟಿದ್ರೆ, ಎರಡೂ ಕಾಲು ಸೋತ್ರೆ ಸೀದಾ ತುರ್ತು ವಿಭಾಗಕ್ಕೆ.

ಯಾಕೆ ಹೀಗಾಗಿರಬಹುದು ಅಂತಾನೂ ಹೇಳ್ತೀನಿ, ಉಳಿದವರೂ ಓದಿ. ಕೆಳಬೆನ್ನಿನ ಐದೂ ಕಶೇರುಕ ಸೇರಿ ಒಂದು ಕಡೆಗೆ ತಿರುಗೋದು ಸುಮಾರು 10–15 ಡಿಗ್ರಿ ಅಷ್ಟೇ. ಸ್ವಿಂಗ್‌ಗೆ ಬೇಕಾದ ತಿರುವು ಮೇಲಿನ ಬೆನ್ನಿನಿಂದ, ಕೆಳಗೆ ಸೊಂಟದ ಕೀಲಿನಿಂದ ಬರಬೇಕು. ಬಲಗೈ ಆಟಗಾರನಿಗೆ ಚೆಂಡು ಹೊಡೆದ ಮೇಲೆ ಇಡೀ ಮೈ ಎಡಗಾಲಿನ ಮೇಲೆ ತಿರುಗುತ್ತೆ. ಆ ಕೀಲು ಬಿಗಿ ಇದ್ರೆ ಉಳಿದ ತಿರುವನ್ನ ಕೆಳಬೆನ್ನು ಹೊರುತ್ತೆ, ಅದೂ ಪಕ್ಕಕ್ಕೆ ಬಾಗಿದ ಸ್ಥಿತಿಯಲ್ಲಿ. ವಿಡಿಯೊದವರು ಸೊಂಟ ತಿರುಗಿಸಿ ಅಂದ್ರು, ನಿಮ್ಮ ಕೀಲು ತಿರುಗುತ್ತಾ ಅಂತ ಕೇಳಲಿಲ್ಲ.

ನೋವಿಲ್ಲದವರು ಕುರ್ಚಿ ಮೇಲೆ ಮೊಣಕಾಲು ಜೋಡಿಸಿ ಕೂತು, ಒಂದೊಂದೇ ಪಾದವನ್ನ ಹೊರಗಡೆಗೆ ತಿರುಗಿಸಿ ನೋಡಿ. ಎಡಗಡೆ ತುಂಬಾ ಕಮ್ಮಿ ಬಂದ್ರೆ ಆಡುವಾಗ ಎಡಪಾದದ ತುದಿಯನ್ನ ಸ್ವಲ್ಪ ಗುರಿ ಕಡೆ ತೆರೆದು ನಿಲ್ಲಿ. ಬೆನ್ನಿನ ಮೇಲಿನ ಭಾರ ಇಳಿಯುತ್ತೆ.

ಫಾರ್ವರ್ಡ್ ಮಿತ್ರ: ಆಸ್ಪತ್ರೆ ಅಂತ ಹೆದರಿಸಬೇಡಿ. ತಲೆಕೆಳಗಾಗಿ ನೇತಾಡಿದ್ರೆ ಡಿಸ್ಕ್ ತಾನೇ ಒಳಗೆ ಹೋಗುತ್ತೆ, ಗ್ರೂಪಿಗೆ ಬಂದಿತ್ತು. ಜೊತೆಗೆ ಕೈಗೆ ಅಯಸ್ಕಾಂತದ ಬಳೆ.

ಫಿಸಿಯೊ: ಏಳನೇ ಐರನ್ ಅವರೇ, ಇದನ್ನ ಮಾಡಬೇಡಿ. ಬೆನ್ನು ಲಟಕ್ ಅನ್ನಿಸಿಕೊಳ್ಳೋಕೂ ಹೋಗಬೇಡಿ. ಮಿತ್ರರೇ, ಪಾದ ಬೀಳ್ತಿರೋ ಮನುಷ್ಯನಿಗೆ ಫಾರ್ವರ್ಡ್ ಓದಿ ಚಿಕಿತ್ಸೆ ಹೇಳ್ತಿದ್ದೀರಿ. ಆ ಕಾಲು ಹೋದ್ರೆ ಬಳೆ ಕಳಿಸಿದವರು ಬರ್ತಾರಾ?

ಫಾರ್ವರ್ಡ್ ಮಿತ್ರ: ಟೈಗರ್ ವುಡ್ಸ್ ಬೆನ್ನು ಕೆಟ್ಟಮೇಲೂ 2019ರಲ್ಲಿ ಮಾಸ್ಟರ್ಸ್ ಟೂರ್ನಿ ಗೆಲ್ಲಲಿಲ್ವಾ?

ಫಿಸಿಯೊ: ಗೆದ್ದರು. 2017ರಲ್ಲಿ ಕಶೇರುಕ ಬೆಸೆಸಿಕೊಂಡ ಮೇಲೆ. ಅದು ಅವರ ಬೆನ್ನಿಗೆ ನಾಲ್ಕನೇ ಆಪರೇಷನ್. ನೇತಾಡಿ ಗೆದ್ದದ್ದಲ್ಲ.

ಏಳನೇ ಐರನ್: ಹೊರಟಿದ್ದೀನಿ ಮೇಡಂ. ಮಗಳು ಗಾಡಿ ಓಡಿಸ್ತಾಳೆ.

ಕೋನಮಾಪಕ: ಮೂಲ ವಿಷಯಕ್ಕೆ ಬರೋಣ. ಕ್ಲಬ್ ಹಿಂದಕ್ಕೆ ಎತ್ತಿದಾಗ ಭುಜ 90 ಡಿಗ್ರಿ ತಿರುಗಬೇಕು, ಸೊಂಟ 45, ನಡುವಿನ ವ್ಯತ್ಯಾಸ 45 ಇರಲೇಬೇಕು. ಇಲ್ಲದಿದ್ರೆ ಶಕ್ತಿ ಎಲ್ಲಿಂದ ಬರುತ್ತೆ? ಎಡಹಿಮ್ಮಡಿ ನೆಲ ಬಿಡಬಾರದು.

ಹಳೇ ಕ್ಯಾಡಿ: ಜಾಕ್ ನಿಕ್ಲಾಸ್ ಹಿಮ್ಮಡಿ ಎತ್ತಿಯೇ ಆಡಿದ್ದು ಸ್ವಾಮಿ. ಹದಿನೆಂಟು ಮೇಜರ್, ಅಂದ್ರೆ ಅತಿ ದೊಡ್ಡ ಟೂರ್ನಿ, ಗೆದ್ದರು.

ಕೋನಮಾಪಕ: ಅದು ಆ ಕಾಲ.

ಹಳೇ ಕ್ಯಾಡಿ: ಸರಿ, ಈ ಕಾಲದ್ದೇ ಹೇಳ್ತೀನಿ. ಜಿಮ್ ಫ್ಯೂರಿಕ್ ಕ್ಲಬ್ಬನ್ನ ಆಕಾಶದಲ್ಲಿ ಸುತ್ತಿಸಿ ತರ್ತಾರೆ. 2016ರಲ್ಲಿ ಒಂದು ಸುತ್ತನ್ನ ಬರೀ 58 ಹೊಡೆತದಲ್ಲಿ ಮುಗಿಸಿದರು. ಅಮೆರಿಕದ ವೃತ್ತಿಪರರ ಪಿಜಿಎ ಟೂರ್‌ನಲ್ಲಿ ಅಷ್ಟು ಕಮ್ಮಿ ಅದುವರೆಗೂ ಯಾರೂ ಹೊಡೆದಿರಲಿಲ್ಲ. ನಿಮ್ಮ ಕೋನ ಅಲ್ಲಿ ಎಲ್ಲಿತ್ತು?

ಕೋನಮಾಪಕ: ಒಬ್ಬ ಫ್ಯೂರಿಕ್‌ನ ಹಿಡ್ಕೊಂಡು ಎಲ್ಲರಿಗೂ ಪಾಠ ಮಾಡಬೇಡಿ. ನಿಮ್ಮ ಹ್ಯಾಂಡಿಕ್ಯಾಪ್ ಎಷ್ಟು?

ಹಳೇ ಕ್ಯಾಡಿ: ನಿಮಗಿಂತ ಕಮ್ಮಿ, ಅಂದ್ರೆ ಆಟ ನಿಮಗಿಂತ ಮೇಲು. ಬಾಯಿ ನಿಮ್ಮಷ್ಟು ದೊಡ್ಡದಿಲ್ಲ, ಅಷ್ಟೇ.

ಹೊಸ ಎಡಗೈ: ಸಮತೋಲನಕ್ಕೆ ಏನಾದ್ರೂ ಹೇಳಿ ಮೇಡಂ? ನಾನು ಎಡಗೈ.

ಫಿಸಿಯೊ: ಇಬ್ಬರೂ ಸಾಕು ಮಾಡಿ. ಹಿಂದಕ್ಕೆ ಹೇಗೆ ಹೋದ್ರು ಅನ್ನೋದರಲ್ಲಿ ಫ್ಯೂರಿಕ್ ಬೇರೆ, ಇಳಿಯುವಾಗ ಬೇರೆಯಲ್ಲ. ಹಿಮ್ಮಡಿ ಎತ್ತಿದ್ರೆ ಸೊಂಟ ಹೆಚ್ಚು ತಿರುಗುತ್ತೆ. ಬಿಗಿ ಮೈಯವರಿಗೆ, ವಯಸ್ಸಾದವರಿಗೆ ಅದು ಒಳ್ಳೇದೇ. 45 ಡಿಗ್ರಿ ಸಾಧಿಸ್ತೀನಿ ಅಂತ ಸೊಂಟ ಬಿಗಿಹಿಡಿದು ಭುಜ ಮಾತ್ರ ತಿರುಚಿದ್ರೆ ನೀವೂ ನಾಳೆ ಹಿಮ್ಮಡಿ ಮೇಲೆ ನಡೆದು ತೋರಿಸ್ತಿರ್ತೀರಿ, ಕೋನಮಾಪಕರೇ.

ಕೋನಮಾಪಕ: ಈ ಧಾಟಿ ಬೇಕಿರಲಿಲ್ಲ.

ಡ್ರೈವರ್ ಪ್ರಿಯ: ತಲೆ ಅಲ್ಲಾಡಬಾರದು ಅಲ್ವಾ ಮೇಡಂ?

ಫಿಸಿಯೊ: ಮೇಲೆ ಹೇಳಿದೆ.

ಸ್ಲೈಸ್ ಸಂತ್ರಸ್ತ: ಹೆಜ್ಜೆ ಇಟ್ಟು ಬೀಸಿ ನೋಡಿದೆ. ಚೆಂಡಿಲ್ಲದೆ ಚೆನ್ನಾಗಿ ಬರ್ತಿದೆ, ಚೆಂಡಿಟ್ರೆ ಮತ್ತೆ ಕೈ ಓಡುತ್ತೆ.

ಫಿಸಿಯೊ: ಹಾಗಿದ್ರೆ ಚೆಂಡನ್ನ ಟೀ (ಚೆಂಡಿಡೋ ಸಣ್ಣ ಗೂಟ) ಮೇಲೆ ಎತ್ತರಕ್ಕಿಟ್ಟು ಅರ್ಧ ವೇಗ. ಮುಗಿದ ಮೇಲೆ ಎಡಗಾಲಿನ ಮೇಲೆ ಮೂರು ಎಣಿಸೋವರೆಗೂ ಅಲುಗದೆ ನಿಲ್ಲೋಕೆ ಬರಬೇಕು. ಬಂದ್ರೆ ಮಾತ್ರ ಸ್ವಲ್ಪ ವೇಗ ಹೆಚ್ಚಿಸಿ.

ಹೊಸ ಎಡಗೈ: ಮೇಡಂ, ನಂದು?

ಡ್ರೈವರ್ ಪ್ರಿಯ: ಮೊಣಕೈ ಒಳಭಾಗದಲ್ಲಿ ನೋವು ಬಂದ್ರೆ ಬಳೆ ಓಕೆನಾ?

ಫಿಸಿಯೊ: ಬಳೆ ವಿಷಯ ಇನ್ನೊಬ್ಬರು ತೆಗೆದ್ರೆ ನಾನು ಇಲ್ಲಿಂದ ಹೊರಟೆ.

ಫಾರ್ವರ್ಡ್ ಮಿತ್ರ: ನಂಬಿಕೆ ಇರೋರಿಗೆ ಕೆಲಸ ಮಾಡುತ್ತೆ. ಪೂರ್ತಿ ವಿಡಿಯೊ ಕಳಿಸ್ತಿದ್ದೀನಿ, ನೋಡಿ ಮಾತಾಡಿ.