ಅಪ್‌ಡೇಟ್: ಸಿಲಿಕಾ ಪುಡಿ ಈಗ ನೀರಿನ ಮೇಲೆ ತೇಲುತ್ತಿದೆ

ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? ಸಿಲಿಕಾ ಪುಡಿಗೆ ನೀರು ಅಂಟದಿರಲೆಂದು ಎಚ್‌ಎಂಡಿಎಸ್‌ಓ (ಸಿಲಿಕಾನ್ ಇರುವ ಒಂದು ದ್ರವ) ಆವಿಯ ಪ್ಲಾಸ್ಮಾದಲ್ಲಿ, ಅಂದರೆ ವಿದ್ಯುತ್ತಿನಿಂದ ಹೊಳೆಯುವ ಅನಿಲದಲ್ಲಿ, ಪಾಲಿಮರ್ ಪದರ ಕೂರಿಸಿದರೂ ಅರ್ಧ ಪುಡಿ ನೀರಿನಲ್ಲಿ ಮುಳುಗುತ್ತಿತ್ತು. ಪುಡಿಯನ್ನು ತಟ್ಟೆಯಲ್ಲಿ ಸುಮ್ನೆ ಹರಡಿದ್ದೇ ತಪ್ಪು ಎಂದಿರಿ. ನಿಜ. ಪದರ ಮೇಲಿನ ಕಣಗಳಿಗಷ್ಟೇ ಕೂರುತ್ತಿತ್ತು, ಕೆಳಗಿನವು ಹಾಗೇ ಉಳಿಯುತ್ತಿದ್ದವು.

ಈಗ ತಿರುಗುವ ಗಾಜಿನ ಡ್ರಮ್ ಹಾಕಿದ್ದೇವೆ. ಒಳಗೋಡೆಗೆ ಮೂರು ಸಣ್ಣ ಗಾಜಿನ ಪಟ್ಟಿಗಳಿವೆ. ಪುಡಿ ಅವುಗಳ ಮೇಲೇರಿ, ಪ್ಲಾಸ್ಮಾದ ನೇರಳೆ ಬೆಳಕಿನ ನಡುವೆ ತೆಳುವಾಗಿ ಸುರಿಯುತ್ತದೆ. ನೋಡುತ್ತಾ ನಿಂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ! ಪ್ಲಾಸ್ಮಾ ಹೊತ್ತಿಸುವ ಆರ್‌ಎಫ್ (ರೇಡಿಯೋ ಆವರ್ತನದ ವಿದ್ಯುತ್) ಮೊದಲಿನದೇ, 13.56 ಮೆಗಾಹರ್ಟ್ಸ್.

ಇನ್ನೊಂದು ಮಾತು: ಪುಡಿಯನ್ನು ಮೊದಲೇ ಚೆನ್ನಾಗಿ ಒಣಗಿಸಬೇಕು. ತೇವ ಇದ್ದರೆ ಉಂಡೆಗಟ್ಟುತ್ತದೆ, ಪಂಪು ಗಾಳಿ ಎಳೆಯುವಾಗ ಡ್ರಮ್ಮಿನ ಒತ್ತಡವೂ ಬೇಗ ಇಳಿಯುವುದಿಲ್ಲ. ಪಂಪನ್ನು ನಿಧಾನವಾಗಿ ತೆರೆಯಿರಿ. ನಾನು ಅವಸರ ಮಾಡಿದ ದಿನ ಫಿಲ್ಟರ್ ತುಂಬಾ ಪುಡಿ.

ನಿನ್ನೆ ಒಂದು ಚಿಟಿಕೆ ಲೋಟದ ನೀರಿಗೆ ಹಾಕಿ ಅಲ್ಲಾಡಿಸಿದೆ. ಪೂರ್ತಿ ತೇಲಿತು. ಎಫ್‌ಟಿಐಆರ್‌ನಲ್ಲಿ (ಅತಿಗೆಂಪು ಬೆಳಕಿನ ಪರೀಕ್ಷೆ) 1260 ಸೆಂ.ಮೀ⁻¹ ಹತ್ತಿರ ಪದರದ ಸಿಲಿಕಾನ್-ಮೀಥೈಲ್ ಗುರುತೂ ಸಿಕ್ಕಿತು. ತುಂಬಾ ಖುಷಿಯಾಗಿದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಮುಂದೆ ಅಕ್ರಿಲಿಕ್ ಆಮ್ಲ ಹಾಕಿ, ನೀರಿಗೆ ಒಲಿಯುವ ಪದರ ಮಾಡಿ ನೋಡುತ್ತೇನೆ.