ಅಮ್ಮನ ವರ್ಷಾಂತಕಕ್ಕೆ ಹಾಡು: ಎರಡನೇ ಚರಣಕ್ಕೆ ದನಿ ಒಡೆಯುತ್ತೆ

ಡೊಂಬಿವಲಿ_ದಾದ್ರಾ:
ಅಮ್ಮನ ವರ್ಷಾಂತಕಕ್ಕೆ 4 ನಿಮಿಷದ ಹಾಡು ಕೂಡಿಸಿದ್ದೇವೆ. ಹಾಡೋದು ತಂಗಿ. ರಾಗ ಶಿವರಂಜನಿ, ತಾಳ ದಾದ್ರಾ (6 ಮಾತ್ರೆ), ಲಯ ನಿಮಿಷಕ್ಕೆ 60 ಮಾತ್ರೆ, ಶ್ರುತಿ ಕಾಳಿ 5 (ಹಾರ್ಮೋನಿಯಂನ ಐದನೇ ಕಪ್ಪು ಮನೆ). ಪಲ್ಲವಿ ‘ತಾಯೆ ನೀ ಕರುಣೆಯ ಕಡಲು’. ಎರಡನೇ ಚರಣದಲ್ಲಿ ತಾರ ಗಂಧಾರ (ಮೇಲಿನ ಸಪ್ತಕದ ‘ಗ’) ಮುಟ್ಟಿದ ಕೂಡಲೇ ದನಿ ಒಡೆಯುತ್ತೆ. ಕೇಳಿದವರು ಅಳು ಜಾಸ್ತಿಯಾಯ್ತು ಅಂತಾರೆ. ಅಮ್ಮನ ವಾಟ್ಸಾಪ್ ಧ್ವನಿಯನ್ನ ಆರಂಭದಲ್ಲಿ ಸೇರಿಸೋ ಆಸೆಯಿದೆ. ಏನು ಬದಲಿಸಬೇಕು?

ಮಾಟುಂಗಾ_ಪೇಟಿ:
ಮೊದಲು ಉಸಿರಿನ ಲೆಕ್ಕ. ಲಯ 60 ಅಂದರೆ ದಾದ್ರಾದ ಆವರ್ತನಕ್ಕೆ 6 ಸೆಕೆಂಡು. ಸಾಲಿಗೆ ಎರಡು ಆವರ್ತನವಾದರೆ 12. ಮಾಮೂಲಿ ದಿನ ನಡೆಯುತ್ತೆ. ದುಃಖ ಒತ್ತಿ ಬಂದಾಗ ಉಸಿರು ಎದೆಯ ಮೇಲ್ಭಾಗದಲ್ಲೇ ನಿಲ್ಲುತ್ತೆ, ಗಂಟಲು ಬಿಗಿಯುತ್ತೆ, ಮೊದಲು ಕೈಕೊಡೋದು ತಾರದ ಸ್ವರ. ಲಯ 72 ಮಾಡಿ, ಸಾಲು 10 ಸೆಕೆಂಡಿಗೆ ಇಳಿಯುತ್ತೆ. ಶ್ರುತಿ ಕಾಳಿ 4 ಸಾಕು. ಅದಕ್ಕಿಂತ ಇಳಿಸಿದರೆ ಮಂದ್ರ ಪಂಚಮ (ಕೆಳಗಿನ ಸಪ್ತಕದ ‘ಪ’) ಬರೀ ಗಾಳಿ.

ಅಳು ಜಾಸ್ತಿಯಾಗಿರೋದು ಕೋಮಲ ಗಂಧಾರದಿಂದ, ಅಂದರೆ ಒಂದು ಮನೆ ಇಳಿದ ‘ಗ’ದಿಂದ. ಶಿವರಂಜನಿಗೂ ಭೂಪಾಲಿ ರಾಗಕ್ಕೂ ಅದೊಂದೇ ಸ್ವರದ ವ್ಯತ್ಯಾಸ. ಪಲ್ಲವಿ, ಮೊದಲ ಚರಣ ಭೂಪಾಲಿಯಲ್ಲೇ ಹೋಗಲಿ, ಕೋಮಲವನ್ನ ಎರಡನೇ ಚರಣಕ್ಕೆ ಉಳಿಸಿಕೊಳ್ಳಿ. ಕಾಳಿ 4ರಲ್ಲಿ ಗಂಧಾರದ ಬೆರಳು ಬಿಳಿ 1ರಿಂದ ಎಡಪಕ್ಕದ, ಕೆಳ ಸಪ್ತಕದ ಬಿಳಿ 7ಕ್ಕೆ ಸರಿದರೆ ಮುಗೀತು. ಪೇಟಿಯಲ್ಲಿ (ಹಾರ್ಮೋನಿಯಂನಲ್ಲಿ) ಅಷ್ಟೇ, ಕಿವಿಗೆ ಮನೆಯ ದೀಪ ಆರಿದ ಹಾಗಿರುತ್ತೆ.

ಪುಣೆ_ತ್ರಿಪದಿ:
ಪೇಟಿಯವರು ಹೇಳಿದ್ದು ಖರೆ, ಆದ್ರ ಅರ್ಧಾ ರೋಗ ಸಾಹಿತ್ಯದಾಗ ಅದ. ‘ಕರುಣೆಯ ಕಡಲು’ ಯಾರ ತಾಯಿಗೂ ಹೊಂದತದ. ನಿಮ್ಮ ತಾಯಿ ಅದರಾಗ ಎಲ್ಲಿದ್ದಾರ? ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ನೋಡ್ರಿ. ಕೂಸು ಹೋದ ದುಃಖದ ಕವಿತಾ, ಹಿಡದದ್ದು ಮಾತ್ರ ಹೆಂಡತಿಯ ನೋಟ. ನೀವೂ ಒಂದs ವಸ್ತು ಹಿಡೀರಿ. ಅವರ ಲೋಕಲ್ ರೈಲಿನ ಪಾಸು ಇದ್ರ, ‘ಪಾಸಿನಾಗ ಇನ್ನೂ ಹದಿನಾರು ದಿನ’ ಅಂತ ಒಂದು ಸಾಲು ಸಾಕು. ಅಲ್ಲಿ ರಾಗ ಅಳಬೇಕಾಗಿಲ್ಲ.

ಎರಡನೇ ಚರಣ ತ್ರಿಪದಿ (ಮೂರು ಸಾಲಿನ ಪದ್ಯ) ಮಾಡ್ರಿ. 11 ಗಣ, 6 ಮತ್ತ 10ನೇದು ಬ್ರಹ್ಮ (ಎರಡು ಅಂಶದ ಗಣ), ಉಳದದ್ದು ವಿಷ್ಣು (ಮೂರು ಅಂಶದ್ದು). ಹಾಡುವಾಗ ಎರಡನೇ ಸಾಲು ತಿರುಗಿ ಬರತದಲ್ಲ, ಅದನ್ನ ನೀವು ಹಾಡ್ರಿ. ತಂಗಿಗೆ ಸಾವರಿಸಿಕೊಳ್ಳಲಿಕ್ಕೆ ಅಷ್ಟು ಹೊತ್ತು ಸಿಗತದ.

ವಾಶಿ_ಮೈಕು:
ಧ್ವನಿ ತುಣುಕು ಆರಂಭಕ್ಕೆ ಬೇಡ, ಕೊನೆಗಿರಲಿ. ಆರಂಭದಲ್ಲಿಟ್ಟರೆ ಮುಂದಿನ ಹಾಡು ಯಾರ ಕಿವಿಗೂ ಬೀಳಲ್ಲ. ತಂಗಿ ಹಾಡುವಾಗ ಹೆಡ್‌ಫೋನಿನಲ್ಲಂತೂ ಅದು ಬರಲೇಬಾರದು.

ವಾಟ್ಸಾಪ್ ಧ್ವನಿಯ ಫೈಲು ಓಪಸ್ ಅನ್ನೋ ಕುಗ್ಗಿಸಿದ ರೂಪದಲ್ಲಿರುತ್ತೆ. ಮೂಲವನ್ನ ಎರಡು ಕಡೆ ಕಾಪಿ ಮಾಡಿಟ್ಟು, ಆಮೇಲೆ 48 ಕಿಲೋಹರ್ಟ್ಸ್‌ನ ವೇವ್ (WAV) ಫೈಲು ಮಾಡಿ. ಗದ್ದಲ ತೆಗೆಯೋ ಫಿಲ್ಟರ್ ಪೂರ್ತಿ ಎಳೆದರೆ ‘ಸ’, ‘ಶ’ ನುಣುಪಾಗಿ ದನಿ ನೀರೊಳಗಿಂದ ಬಂದ ಹಾಗಾಗುತ್ತೆ. ಹಿಂದಿನ ಕುಕ್ಕರ್ ಸೀಟಿ, ಫ್ಯಾನು ಇರಲಿ ಬಿಡಿ. ಮಾತಿನ ಕೆಳಗೆ ತಂಬೂರಿ ಮಾತ್ರ, ಪೇಟಿ ಬೇಡ. ಮಾತಿನ ಏರಿಳಿತ ಪೇಟಿ ಸ್ವರದ ಜೊತೆ ಕಚ್ಚಾಡುತ್ತೆ.

ಹಳಿ ಪಕ್ಕದ ಮನೆಯಾದರೆ ಕೊನೇ ಲೋಕಲ್ ಹೋದ ಮೇಲೂ ಗೂಡ್ಸ್ ಬರ್ತಾನೇ ಇರುತ್ತೆ. ಸಾಲು ಸಾಲಾಗಿ ರೆಕಾರ್ಡ್ ಮಾಡಿ, ಎರಡನೇ ಚರಣವನ್ನೇ ಮೊದಲು ಮುಗಿಸಿ. ಮೂರು ಟೇಕ್ ದಾಟಿದರೆ ಆ ದಿನಕ್ಕೆ ನಿಲ್ಲಿಸಿ, ಗಂಟಲು ಊದಿಕೊಂಡಿರುತ್ತೆ.

ಡೊಂಬಿವಲಿ_ದಾದ್ರಾ:
72, ಕಾಳಿ 4 ಒಗ್ಗಿತು. ತಬಲಾ ಇರಲೋ ಬೇಡವೋ?

ಮಾಟುಂಗಾ_ಪೇಟಿ:
ಇರಲಿ. ಎರಡನೇ ಚರಣದಲ್ಲಿ ಮಾತ್ರ ಬಾಯಾ (ತಬಲಾ ಜೋಡಿಯ ದೊಡ್ಡದು) ನಿಲ್ಲಿಸಿ.